ಜಾಹೀರಾತಿಲ್ಲದ ಟೀವಿ ಬಾಕ್ಸ್, ಕೈಗೆಟಕುವ ಬೆಲೆಯಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜಾಹೀರಾತೇ ಬರದ ಒಂದು ಬಾಕ್ಸ್ ಹೆಸರು ಹೇಳಿ, ಸಾಕು.

ಆರೇಳು ಸಾವಿರದೊಳಗೆ, ಡಬ್ಬಿ ಬಿಚ್ಚಿ ಟೀವಿಗೆ ಚುಚ್ಚಿದ ಕೂಡಲೇ ಜಾಹೀರಾತಿಲ್ಲದೆ ನಡೆಯುವ ಸ್ಟಿಕ್ ನಮ್ಮಲ್ಲಿ ಸಿಗುವುದಿಲ್ಲ. ಅಗ್ಗದ ಸ್ಟಿಕ್‌ನ ಹೋಮ್ ಸ್ಕ್ರೀನ್ ಎಂದರೆ ಬಾಡಿಗೆಗೆ ಬಿಟ್ಟ ಗೋಡೆ. ಬೆಲೆ ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣ. ಆದ್ದರಿಂದ ಜಾಹೀರಾತಿಲ್ಲದ ಬಾಕ್ಸ್ ಅನ್ನು ಕೊಳ್ಳುವುದಕ್ಕಿಂತ ಮಾಡಿಕೊಳ್ಳುವುದು ಎನ್ನುವುದೇ ಸರಿ. ಗೂಗಲ್ ಟೀವಿ ಬಾಕ್ಸ್ ತಂದು ಅದರ ಹೋಮ್ ಸ್ಕ್ರೀನ್ ಬದಲಿಸಬಹುದು, ಇಲ್ಲವೇ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಲಿಬ್ರೆಎಲೆಕ್ ಎಂಬ ಉಚಿತ ಸಿಸ್ಟಮ್ ಹಾಕಿ ಸ್ವಂತ ಪ್ಲೇಯರ್ ಕಟ್ಟಿಕೊಳ್ಳಬಹುದು. ಇದ್ಯಾವ ರಗಳೆಯೂ ಬೇಡ ಅನ್ನುವವರಿಗೆ ಆಪಲ್ ಟೀವಿ ಇದೆ, ದುಡ್ಡು ಮಾತ್ರ ಎರಡು ಮೂರು ಪಟ್ಟು.

ಅಷ್ಟಕ್ಕೂ ಈ ಜಾಹೀರಾತು ಬರುವುದು ಎಲ್ಲಿಂದ?

ಒಂದೇ ಕಡೆಯಿಂದಲ್ಲ. ಇದನ್ನು ಬಿಡಿಸಿಕೊಳ್ಳದೆ ಕೊಂಡವರು "ದುಡ್ಡು ದಂಡವಾಯ್ತು" ಅನ್ನುತ್ತಾರೆ.

ಮೊದಲನೆಯದು ಟೀವಿಯದ್ದೇ. ಸ್ಮಾರ್ಟ್ ಟೀವಿಗೆ ವೈಫೈ ಕೊಟ್ಟರೆ ಅದರ ಮುಖಪುಟದಲ್ಲಿ ಬ್ಯಾನರ್ ಬರುತ್ತದೆ. ಜೊತೆಗೆ ತೆರೆಯ ಮೇಲೆ ಏನು ಓಡುತ್ತಿದೆ ಎಂದು ಗುರುತಿಸಿ ಕಂಪನಿಗೆ ಕಳಿಸುವ ವ್ಯವಸ್ಥೆಯೂ ಅನೇಕ ಟೀವಿಗಳಲ್ಲಿದೆ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ವ್ಯೂಯಿಂಗ್ ಇನ್ಫರ್ಮೇಶನ್ ಸರ್ವಿಸಸ್, ಎಲ್‌ಜಿಯಲ್ಲಿ ಲೈವ್ ಪ್ಲಸ್. ಎಚ್‌ಡಿಎಂಐಗೆ ಬಾಕ್ಸ್ ಹಾಕಿದ ಮೇಲೆ ಟೀವಿಗೆ ಇಂಟರ್ನೆಟ್ ಬೇಕಿಲ್ಲ. ಟೀವಿಯ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ ವೈಫೈಯನ್ನು "ಫರ್ಗೆಟ್" ಮಾಡಿದರೆ ಈ ಪದರ ಪೂರ್ತಿ ಹೋಗುತ್ತದೆ, ಅದೂ ಪುಕ್ಕಟೆ.

ಎರಡನೆಯದು ಬಾಕ್ಸ್‌ನ ಹೋಮ್ ಸ್ಕ್ರೀನ್. ಈ ಪುಟದ ಬಹುಪಾಲು ಇದರ ಬಗ್ಗೆಯೇ ಇದೆ.

ಮೂರನೆಯದು ಆ್ಯಪ್ ಒಳಗಿನದ್ದು. ಇದನ್ನು ಯಾವ ಬಾಕ್ಸೂ ತೆಗೆಯಲಾರದು. ಪ್ರೈಮ್ ವಿಡಿಯೊ ಭಾರತದಲ್ಲಿ 2025ರ ಜೂನ್ 17ರಿಂದ ಜಾಹೀರಾತು ಸೇರಿಸಿತು. ಬೇಡವೆಂದವರಿಗೆ ತಿಂಗಳಿಗೆ 129 ಅಥವಾ ವರ್ಷಕ್ಕೆ 699 ರೂಪಾಯಿ ಹೆಚ್ಚುವರಿ ಎಂದು ಆಗ ಬೆಲೆ ಇಟ್ಟಿತು. ಯೂಟ್ಯೂಬಿಗೆ ಪ್ರೀಮಿಯಂ ಇದೆ. ಚಂದಾ ಕಟ್ಟಬೇಕು, ಇಲ್ಲವೇ ನಿಮ್ಮದೇ ಫೈಲ್‌ಗಳನ್ನು ನೋಡಬೇಕು.

ಏನೂ ಕೊಳ್ಳದೆ ಆಗುವುದಿಲ್ಲವೇ?

ಆಗುತ್ತದೆ. ಮೊದಲು ಅದನ್ನೇ ನೋಡಿ. ಮನೆಯ ಮದುವೆ ವಿಡಿಯೊ, ಮಕ್ಕಳ ಶಾಲೆಯ ಕಾರ್ಯಕ್ರಮ, ಕೊಂಡ ಯಕ್ಷಗಾನದ ಪೆನ್‌ಡ್ರೈವ್ ಇಷ್ಟೇ ನೋಡುವುದಾದರೆ ಟೀವಿಯ ಯುಎಸ್‌ಬಿ ತೂತೇ ಸಾಕಾಗಬಹುದು. ಎಡವುವುದು ಎರಡು ಕಡೆ.

ಒಂದು, ಪೆನ್‌ಡ್ರೈವ್‌ನ ಫಾರ್ಮ್ಯಾಟ್. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಲೆಕ್ಕ ಹಾಕಿ: ಸೆಕೆಂಡಿಗೆ 8 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡಿದ ವಿಡಿಯೊ ಗಂಟೆಗೆ 3.6 ಜಿಬಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಪ್ರಸಂಗ 28.8 ಜಿಬಿ. ಇಡೀ ರಾತ್ರಿಯ ಆಟ ಏಳೆಂಟು ತುಂಡಾಗಿ, ಮಾತಿನ ನಡುವೆಯೇ ಕಡಿದು ಬರುವುದಕ್ಕೆ ಇದೇ ಕಾರಣ. ಕ್ಯಾಮೆರಾದ ಕಾರ್ಡ್ ಆ ಫಾರ್ಮ್ಯಾಟಿನಲ್ಲಿದ್ದರೆ ಪ್ರತಿ 4 ಜಿಬಿಗೆ ಹೊಸ ಫೈಲ್ ಶುರುವಾಗುತ್ತದೆ. ಎಂಕೆವಿಟೂಲ್‌ನಿಕ್ಸ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮೊದಲ ತುಂಡನ್ನು ಸೇರಿಸಿ, ಉಳಿದವನ್ನು "ಅಪೆಂಡ್" ಆಯ್ಕೆಯಲ್ಲಿ ಕ್ರಮವಾಗಿ ಕೊಟ್ಟರೆ ಚಿತ್ರದ ಗುಣಮಟ್ಟ ಚೂರೂ ಕೆಡದೆ ಒಂದೇ ಎಂಕೆವಿ ಫೈಲ್ ಆಗುತ್ತದೆ. ಅದನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿದ ಡ್ರೈವಿಗೆ ಹಾಕಿ. ಹಳೆಯ ಟೀವಿಗಳು ಎಕ್ಸ್‌ಫ್ಯಾಟ್ ಓದದೆ ಹೋಗಬಹುದು, ಆಗ ಎನ್‌ಟಿಎಫ್‌ಎಸ್ ನೋಡಿ.

ಎರಡು, ಟೀವಿಯ ಪ್ಲೇಯರ್‌ಗೆ ಎಲ್ಲ ಬಗೆಯ ವಿಡಿಯೊ, ಆಡಿಯೊ ಅರ್ಥವಾಗುವುದಿಲ್ಲ. ಚಿತ್ರ ಬಂದು ಶಬ್ದ ಬರದಿದ್ದರೆ ಅದು ಡಿಟಿಎಸ್ ಆಡಿಯೊ ಆಗಿರುವ ಸಾಧ್ಯತೆಯೇ ಹೆಚ್ಚು. ಇಲ್ಲಿಗೆ ಬಂದು ನಿಂತರೆ ಮಾತ್ರ ಬಾಕ್ಸ್ ಬಗ್ಗೆ ಯೋಚಿಸಿ.

ಹಾಗಾದರೆ ನನ್ನ ಮನೆಗೆ ಯಾವುದು ಸರಿ?

ನೋಡುವುದು ಏನು ಎಂಬುದರ ಮೇಲೆ. ನೆಟ್‌ಫ್ಲಿಕ್ಸ್, ಜಿಯೊಹಾಟ್‌ಸ್ಟಾರ್, ಯೂಟ್ಯೂಬ್ ಮುಖ್ಯ, ಮನೆಯ ಫೈಲ್‌ಗಳು ಆಗೊಮ್ಮೆ ಈಗೊಮ್ಮೆ ಅನ್ನುವುದಾದರೆ ಗೂಗಲ್ ಟೀವಿ ಬಾಕ್ಸ್. ಹಾರ್ಡ್‌ಡಿಸ್ಕ್ ತುಂಬ ಸ್ವಂತ ಸಂಗ್ರಹವಿದೆ, ಓಟಿಟಿ ಮುಖ್ಯವಲ್ಲ ಅನ್ನುವುದಾದರೆ ರಾಸ್ಪ್‌ಬೆರಿ ಪೈ. ಮನೆಯಲ್ಲಿ ವಯಸ್ಸಾದವರಿದ್ದು, ಏನಾದರೂ ಕೈಕೊಟ್ಟರೆ ಸರಿಪಡಿಸುವವರು ಬೇರೆ ಊರಿನಲ್ಲಿದ್ದರೆ ಆಪಲ್ ಟೀವಿ. ಅಗ್ಗದ್ದನ್ನು ಕೊಂಡು ಉಳಿಸಿದ ಎಂಟು ಸಾವಿರ ಫೋನಿನಲ್ಲಿ "ಅಪ್ಪಾ, ಈಗ ಬಲಗಡೆ ಬಟನ್ ಒತ್ತಿ" ಎನ್ನುವುದರಲ್ಲೇ ಕರಗುತ್ತದೆ.

ಗೂಗಲ್ ಟೀವಿ ಬಾಕ್ಸ್ ಕೊಳ್ಳುವಾಗ ಏನೇನು ನೋಡಬೇಕು?

ರ‍್ಯಾಮ್ ಕನಿಷ್ಠ 2 ಜಿಬಿ ಇರಲಿ. 1 ಜಿಬಿಯದ್ದು ಒಂದು ವರ್ಷ ಚೆನ್ನಾಗಿಯೇ ಓಡಿ, ಆಮೇಲೆ ರಿಮೋಟ್ ಒತ್ತಿ ಎರಡು ಸೆಕೆಂಡ್ ಕಾಯುವಂತೆ ಮಾಡುತ್ತದೆ. ಸ್ಟೋರೇಜ್ 8 ಜಿಬಿ ಎಂದು ಬರೆದಿದ್ದರೆ ಅದರಲ್ಲಿ ಸಿಸ್ಟಮ್ಮೇ ಬಹುಪಾಲು ತಿಂದಿರುತ್ತದೆ. ಎಂಟು ಹತ್ತು ಆ್ಯಪ್ ಆದ ಮೇಲೆ "ಜಾಗವಿಲ್ಲ" ಶುರು.

ನೆಟ್‌ಫ್ಲಿಕ್ಸ್‌ನ ಸರ್ಟಿಫಿಕೇಟ್ ಮತ್ತು ವೈಡ್‌ವೈನ್ (ಓಟಿಟಿ ವಿಡಿಯೊ ಕದಿಯದಂತೆ ಕಾಯುವ ಗೂಗಲ್‌ನ ಬೀಗ) ಎಲ್1 ಮಟ್ಟ ಎರಡೂ ಇರಬೇಕು. ಎಲ್3 ಮಾತ್ರ ಇರುವ ಬಾಕ್ಸ್‌ನಲ್ಲಿ 4ಕೆ ಚಂದಾ ಕಟ್ಟಿದ್ದರೂ ಚಿತ್ರ ಹಳೆಯ ಡಿವಿಡಿ ಮಟ್ಟಕ್ಕೇ ನಿಲ್ಲುತ್ತದೆ. ತಂದ ದಿನವೇ ಪ್ಲೇ ಸ್ಟೋರ್‌ನಿಂದ ಡಿಆರ್‌ಎಂ ಇನ್ಫೊ ಎಂಬ ಆ್ಯಪ್ ಹಾಕಿ, ವೈಡ್‌ವೈನ್ ಸಾಲಿನಲ್ಲಿ ಸೆಕ್ಯುರಿಟಿ ಲೆವೆಲ್ ಏನಿದೆ ನೋಡಿ. ಎಲ್3 ಬಂದರೆ ವಾಪಸ್ ಮಾಡಿ.

ವಿಡಿಯೊ ಕುಗ್ಗಿಸುವ ವಿಧಾನಗಳಾದ ಎಚ್‌ಇವಿಸಿ, ವಿಪಿ9 ಈಗ ಎಲ್ಲದರಲ್ಲೂ ಇವೆ. ಎವಿ1 ಕೂಡ ಇದ್ದರೆ ಬಾಕ್ಸ್ ಇನ್ನಷ್ಟು ವರ್ಷ ಬಾಳುತ್ತದೆ.

ಗೂಗಲ್ ಟೀವಿಯ ಮುಖಪುಟ ಸ್ವಚ್ಛ ಮಾಡುವುದು ಹೇಗೆ?

ಸುಲಭದ ದಾರಿ: ಸೆಟ್ಟಿಂಗ್ಸ್, ಅಕೌಂಟ್ಸ್ ಅಂಡ್ ಸೈನ್ ಇನ್, ನಿಮ್ಮ ಅಕೌಂಟ್, ಅಲ್ಲಿ ಆ್ಯಪ್ಸ್ ಓನ್ಲಿ ಮೋಡ್ ಆನ್ ಮಾಡಿ. ಶಿಫಾರಸುಗಳ ಸಾಲುಗಳು ಮಾಯವಾಗಿ ಆ್ಯಪ್‌ಗಳಷ್ಟೇ ಉಳಿಯುತ್ತವೆ. ಆದರೆ ತಲೆಯ ಮೇಲಿನ ದೊಡ್ಡ ಬ್ಯಾನರ್ ಹೋಗುವುದಿಲ್ಲ, ಮಾತಿನಲ್ಲಿ ಕೇಳುವ ಅಸಿಸ್ಟೆಂಟ್ ಕೂಡ ಇಲ್ಲವಾಗುತ್ತದೆ. ಅರ್ಧ ಪರಿಹಾರ.

ಪೂರ್ತಿ ಬೇಕೆಂದರೆ ಲಾಂಚರನ್ನೇ, ಅಂದರೆ ಹೋಮ್ ಸ್ಕ್ರೀನ್ ತೋರಿಸುವ ಆ್ಯಪನ್ನೇ ಬದಲಿಸಬೇಕು. ಪ್ಲೇ ಸ್ಟೋರ್‌ನಲ್ಲಿ ಪ್ರೊಜೆಕ್ಟಿವಿ ಲಾಂಚರ್ ಸಿಗುತ್ತದೆ, ಉಚಿತ ಆವೃತ್ತಿ ಸಾಕು. ಹಾಕಿದ ಮೇಲೆ ಅದರ ಸೆಟ್ಟಿಂಗ್‌ನಲ್ಲಿ, ಈಗಿರುವ ಲಾಂಚರನ್ನು ಬದಿಗಿಡುವ ಆಯ್ಕೆ ಹುಡುಕಿ ಆನ್ ಮಾಡಿ. ಅದು ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುತ್ತದೆ, ಕೊಡಿ. ರಿಮೋಟ್‌ನ ಹೋಮ್ ಬಟನ್ ಒತ್ತಿದಾಗ ಗೂಗಲ್‌ನ ಪುಟದ ಬದಲು ಪ್ರೊಜೆಕ್ಟಿವಿ ತೆರೆಯುವುದು ಆ ಅನುಮತಿಯಿಂದಲೇ. ಬೇಡದ ಆ್ಯಪ್‌ಗಳನ್ನು ಮರೆಮಾಡಿ, ಬೇಕಾದ ಐದಾರನ್ನು ದೊಡ್ಡ ಚಿತ್ರಗಳಾಗಿ ಇಟ್ಟುಕೊಳ್ಳಿ. ತೆರೆಯ ಮೇಲೆ ಅಷ್ಟೇ ಇರುತ್ತದೆ.

ಕಂಪ್ಯೂಟರಿನಿಂದ ಬಾಕ್ಸ್‌ಗೆ ಆದೇಶ ಕೊಡುವ ಎಡಿಬಿ ಎಂಬ ಸಾಧನ ಬಳಸಿ ಗೂಗಲ್‌ನ ಲಾಂಚರನ್ನು ನಿಷ್ಕ್ರಿಯಗೊಳಿಸುವವರೂ ಇದ್ದಾರೆ. ಹಾಗೆ ಮಾಡುವವರು ಹೊಸ ಲಾಂಚರ್‌ನಿಂದ ಸೆಟ್ಟಿಂಗ್ಸ್ ತೆರೆಯುತ್ತದೆಯೇ, ಬಾಕ್ಸ್ ಆಫ್ ಮಾಡಿ ಆನ್ ಮಾಡಿದಾಗಲೂ ಅದೇ ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳಲೇಬೇಕು. ಇಲ್ಲದಿದ್ದರೆ ಕಪ್ಪು ತೆರೆ, ಹೋಮ್ ಬಟನ್ ಸತ್ತಂತೆ. ಹಾಗಾದರೆ ಗಾಬರಿ ಬೇಡ. ಎಡಿಬಿ ಸಂಪರ್ಕ ಇನ್ನೂ ಇದ್ದರೆ ಅದೇ ದಾರಿಯಲ್ಲಿ ಮತ್ತೆ ಸಕ್ರಿಯಗೊಳಿಸಬಹುದು, ಇಲ್ಲವಾದರೆ ಫ್ಯಾಕ್ಟರಿ ರೀಸೆಟ್.

ದೊಡ್ಡ ಸಿಸ್ಟಮ್ ಅಪ್‌ಡೇಟ್ ಬಂದ ಮೇಲೆ ಕೆಲವೊಮ್ಮೆ ಆ್ಯಕ್ಸೆಸಿಬಿಲಿಟಿ ಅನುಮತಿ ಉದುರಿಹೋಗುತ್ತದೆ. ಹಳೆಯ ಮುಖಪುಟ ದಿಢೀರನೆ ಕಾಣಿಸಿಕೊಂಡರೆ ಮೊದಲು ಅಲ್ಲಿಯೇ ನೋಡಿ.

ಫೈರ್ ಟೀವಿ ಸ್ಟಿಕ್ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಲೇ?

ಜಾಹೀರಾತು ಬೇಡ ಎಂಬುದೇ ಮುಖ್ಯವಾದರೆ ಬೇಡ. ಅದರ ಮುಖಪುಟದ ಬ್ಯಾನರ್ ತೆಗೆಯಲು ಅಧಿಕೃತ ದಾರಿಯಿಲ್ಲ, ಬೇರೆ ಲಾಂಚರ್ ಹಾಕುವುದನ್ನು ಅಮೆಜಾನ್ ತಡೆಯುತ್ತಲೇ ಬಂದಿದೆ. 2025ರಲ್ಲಿ ಬಂದ ಫೈರ್ ಟೀವಿ ಸ್ಟಿಕ್ 4ಕೆ ಸೆಲೆಕ್ಟ್‌ನಲ್ಲಿ ಆಂಡ್ರಾಯ್ಡ್ ಇಲ್ಲವೇ ಇಲ್ಲ. ವೇಗಾ ಎಂಬ ಹೊಸ ಸಿಸ್ಟಮ್ ಇದೆ. ಹೊರಗಿನಿಂದ ಆ್ಯಪ್ ತಂದು ಹಾಕಲು ಅದು ಬಿಡುವುದಿಲ್ಲ. ಸ್ವಂತ ಫೈಲ್‌ಗಳನ್ನು ನೋಡುವ ಉಚಿತ ಪ್ಲೇಯರ್ ಕೋಡಿ ಅಮೆಜಾನ್‌ನ ಸ್ಟೋರ್‌ನಲ್ಲಿ ಇಲ್ಲದ ಕಾರಣ ಆ ಸ್ಟಿಕ್‌ನಲ್ಲಿ ಕೋಡಿಯ ಆಸೆ ಬಿಡಬೇಕು.

ಮನೆಯಲ್ಲಿ ಆಗಲೇ ಹಳೆಯ ಫೈರ್ ಸ್ಟಿಕ್ ಇದೆಯೆಂದರೆ ಇಷ್ಟು ಮಾಡಿ. ಸೆಟ್ಟಿಂಗ್ಸ್, ಪ್ರಿಫರೆನ್ಸಸ್, ಫೀಚರ್ಡ್ ಕಂಟೆಂಟ್‌ಗೆ ಹೋಗಿ ವಿಡಿಯೊ ಆಟೊಪ್ಲೇ, ಆಡಿಯೊ ಆಟೊಪ್ಲೇ ಎರಡನ್ನೂ ಆಫ್ ಮಾಡಿ. ಆನ್ ಮಾಡಿದ ಕೂಡಲೇ ಟ್ರೇಲರ್ ಕಿರುಚುವುದು ನಿಲ್ಲುತ್ತದೆ. ಪ್ರೈವಸಿ ಸೆಟ್ಟಿಂಗ್‌ನಲ್ಲಿ ಇಂಟರೆಸ್ಟ್ ಬೇಸ್ಡ್ ಆ್ಯಡ್ಸ್ ಆಫ್ ಮಾಡಿ. ಜಾಹೀರಾತು ಕಡಿಮೆಯಾಗುವುದಿಲ್ಲ, ನಿಮ್ಮನ್ನು ನೋಡಿ ಆರಿಸುವುದು ನಿಲ್ಲುತ್ತದೆ, ಅಷ್ಟೇ.

ಆಪಲ್ ಟೀವಿಯಲ್ಲಿ ನಿಜವಾಗಿಯೂ ಏನೂ ಇಲ್ಲವೇ?

ಬಹುಮಟ್ಟಿಗೆ ಇಲ್ಲ. 2022ರ ಆಪಲ್ ಟೀವಿ 4ಕೆ 64 ಜಿಬಿ ಮಾದರಿ 14,900 ರೂಪಾಯಿಗೆ ಬಂತು. ಅದರ ಹೋಮ್ ಸ್ಕ್ರೀನ್ ಎಂದರೆ ಆ್ಯಪ್‌ಗಳ ಸಾಲು ಮಾತ್ರ. ಆಪಲ್‌ನ ಸ್ವಂತ ಟೀವಿ ಆ್ಯಪ್ ಮೇಲಿನ ಸಾಲಿನಲ್ಲಿದ್ದರೆ ತನ್ನ ಸರಣಿಗಳ ಪ್ರಚಾರ ತೋರಿಸುತ್ತದೆ. ಅದನ್ನು ಕೆಳಗಿನ ಸಾಲಿಗೆ ಸರಿಸಿದರೆ ಮುಗಿಯಿತು.

ಕೊರತೆಗಳೂ ಇವೆ. ಹಾರ್ಡ್‌ಡಿಸ್ಕ್ ಹಾಕಲು ಯುಎಸ್‌ಬಿ ಇಲ್ಲ, 64 ಜಿಬಿ ಮಾದರಿಯಲ್ಲಿ ಲ್ಯಾನ್ ಕೇಬಲ್ ಜಾಗವಿಲ್ಲ, ಡಬ್ಬಿಯಲ್ಲಿ ಎಚ್‌ಡಿಎಂಐ ಕೇಬಲ್ ಕೊಡುವುದಿಲ್ಲ. ಮನೆಯ ಫೈಲ್ ನೋಡಲು ವಿಎಲ್‌ಸಿ ಅಥವಾ ಸ್ವಿಫ್ಟ್‌ಫಿನ್ (ಮುಂದೆ ಹೇಳುವ ಜೆಲ್ಲಿಫಿನ್‌ನ ಆ್ಯಪ್) ಉಚಿತ. ಇನ್‌ಫ್ಯೂಸ್ ಚೆನ್ನಾಗಿದೆ, ಅದರ ಪೂರ್ಣ ರೂಪಕ್ಕೆ ದುಡ್ಡು ಕೊಡಬೇಕು.

ರಾಸ್ಪ್‌ಬೆರಿ ಪೈ ಎಂದರೆ ಬೆಸುಗೆ, ಪ್ರೋಗ್ರಾಮಿಂಗ್ ಎಲ್ಲ ಬರಬೇಕೇ?

ಏನೂ ಬೇಡ. ಮೆಮೊರಿ ಕಾರ್ಡಿಗೆ ಫೈಲ್ ಬರೆಯಲು ಬಂದರೆ ಸಾಕು. ಬೇಕಾದ ಸಾಮಾನು ಇಷ್ಟು:

- ರಾಸ್ಪ್‌ಬೆರಿ ಪೈ 4, 2 ಜಿಬಿ. ಹೆಚ್ಚು ಮೆಮೊರಿಯ ಮಾದರಿಗಳು 2025ರ ಕೊನೆಯಿಂದ ದುಬಾರಿಯಾಗಿವೆ. ಈ ಕೆಲಸಕ್ಕೆ ಅವು ಬೇಕಾಗಿಯೂ ಇಲ್ಲ.
- ಅದರದ್ದೇ 5.1 ವೋಲ್ಟ್, 3 ಆಂಪ್ ಅಡಾಪ್ಟರ್. ಫೋನ್ ಚಾರ್ಜರ್ ಅಲ್ಲ.
- ಮೈಕ್ರೊ ಎಚ್‌ಡಿಎಂಐಯಿಂದ ಎಚ್‌ಡಿಎಂಐ ಕೇಬಲ್. ಮಿನಿ ಎಚ್‌ಡಿಎಂಐ ಬೇರೆ, ಅಂಗಡಿಯಲ್ಲಿ ಎರಡನ್ನೂ ಒಂದೇ ಎಂದು ಕೊಟ್ಟುಬಿಡುತ್ತಾರೆ.
- 32 ಜಿಬಿ ಮೈಕ್ರೊ ಎಸ್‌ಡಿ ಕಾರ್ಡ್, ಮೇಲೆ ಎ1 ಗುರುತು ಇರುವಂಥದ್ದು.
- ಅಲ್ಯೂಮಿನಿಯಂ ಕೇಸ್. ಕೇಸೇ ಬಿಸಿ ಹೀರುವುದರಿಂದ ಫ್ಯಾನ್ ಬೇಡ, ಸದ್ದೂ ಇಲ್ಲ.

ಕಂಪ್ಯೂಟರಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ತೆರೆದು, ನಿಮ್ಮ ಪೈ ಮಾದರಿ ಆರಿಸಿ, ಓಎಸ್ ಪಟ್ಟಿಯಲ್ಲಿ ಮೀಡಿಯಾ ಪ್ಲೇಯರ್ ವಿಭಾಗಕ್ಕೆ ಹೋಗಿ ಲಿಬ್ರೆಎಲೆಕ್ ಆರಿಸಿ, ಕಾರ್ಡಿಗೆ ಬರೆಯಿರಿ. ಕಾರ್ಡ್ ಹಾಕಿ, ಕರೆಂಟ್ ತೂತಿಗೆ ಹತ್ತಿರವಿರುವ ಎಚ್‌ಡಿಎಂಐಗೆ ಕೇಬಲ್ ಚುಚ್ಚಿ. ಆ ಕಡೆಯದ್ದೇ ಮುಖ್ಯ. ಇನ್ನೊಂದಕ್ಕೆ ಹಾಕಿ "ಚಿತ್ರ ಬರುತ್ತಿಲ್ಲ" ಎಂದು ಕೂರುವವರು ಬಹಳ. ಟೀವಿ ಆನ್ ಮಾಡಿ, ಆಮೇಲೆ ಪೈಗೆ ಕರೆಂಟ್ ಕೊಡಿ. ಮೊದಲ ಸಲ ಕಾರ್ಡನ್ನು ಹಿಗ್ಗಿಸಿಕೊಂಡು ಒಮ್ಮೆ ತಾನೇ ರೀಸ್ಟಾರ್ಟ್ ಆಗುತ್ತದೆ, ಆಮೇಲೆ ವೈಫೈ ಪಾಸ್‌ವರ್ಡ್ ಕೇಳುತ್ತದೆ. ಅಲ್ಲಿಂದ ತೆರೆಯುವುದು ಕೋಡಿ. ಬ್ಯಾನರ್ ಇಲ್ಲ, ಲಾಗಿನ್ ಇಲ್ಲ.

ಬೇರೆ ರಿಮೋಟ್ ಕೊಳ್ಳಬೇಡಿ. ಟೀವಿಯ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಸಿಇಸಿ ಆನ್ ಮಾಡಿದರೆ ಟೀವಿ ರಿಮೋಟೇ ಕೋಡಿಯನ್ನು ನಡೆಸುತ್ತದೆ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್.

ಟೀವಿ 4ಕೆ ಆಗಿದ್ದರೂ ಕೋಡಿಯ ಮೆನುವನ್ನು 1080ರಲ್ಲೇ ಇಡಿ, 4ಕೆ ಮೋಡ್‌ಗಳನ್ನು ವೈಟ್‌ಲಿಸ್ಟ್‌ನಲ್ಲಿ ಟಿಕ್ ಮಾಡಿ. ಮೆನು ಹಗುರವಾಗಿ ಓಡುತ್ತದೆ, 4ಕೆ ಫೈಲ್ ಹಾಕಿದಾಗ ಮಾತ್ರ ತೆರೆ 4ಕೆಗೆ ಬದಲಾಗುತ್ತದೆ.

ಪೈ 5 ಹೊಸದಲ್ಲವೇ, ಅದನ್ನೇ ಕೊಂಡರೆ?

ಮೆನು ಚುರುಕು, ನಿಜ. ಆದರೆ 5 ವೋಲ್ಟ್ 5 ಆಂಪ್‌ನ ಅಡಾಪ್ಟರ್ ಬೇಕು. 3 ಆಂಪ್ ಕೊಟ್ಟರೆ ಯುಎಸ್‌ಬಿ ತೂತುಗಳಿಗೆಲ್ಲ ಸೇರಿ 600 ಮಿಲಿಆಂಪ್ ಮಾತ್ರ ಬಿಡುತ್ತದೆ, ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಎಂದು ನಿಲ್ಲುತ್ತದೆ. ಎಚ್‌ಇವಿಸಿಗೆ ಎರಡರಲ್ಲೂ ಹಾರ್ಡ್‌ವೇರ್ ಬಲವಿದೆ. ಹಳೆಯ ಎಚ್.264 ವಿಧಾನಕ್ಕೆ ಪೈ 4ರಲ್ಲಿ ಇದೆ, ಪೈ 5ರಲ್ಲಿ ತೆಗೆದಿದ್ದಾರೆ. ಅಲ್ಲಿ ಪ್ರೊಸೆಸರ್ರೇ ಆ ಕೆಲಸ ಮಾಡುತ್ತದೆ, ಮಾಡುವಷ್ಟು ಶಕ್ತಿಯೂ ಇದೆ. ಬರೀ ಟೀವಿಗೆ ಆದರೆ ಪೈ 4 ಸಾಕು.

ಪೈನಲ್ಲಿ ನೆಟ್‌ಫ್ಲಿಕ್ಸ್, ಜಿಯೊಹಾಟ್‌ಸ್ಟಾರ್ ಬರುತ್ತದೆಯೇ?

ಇಲ್ಲ. ಆ ಆ್ಯಪ್‌ಗಳು ಲಿಬ್ರೆಎಲೆಕ್‌ಗೆ ಇಲ್ಲ. ಹೊರಗಿನ ಆ್ಯಡ್‌ಆನ್‌ಗಳಿಂದ ಕುಂಟುತ್ತಾ ಓಡಿಸಿದರೂ ಚಿತ್ರದ ಗುಣಮಟ್ಟ ಕೆಳಗೇ ಇರುತ್ತದೆ. ಅವು ಬೇಕೆಂದರೆ ಪೈ ಕೊಳ್ಳಬೇಡಿ.

ತೆರೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತಿದೆ.

ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ. ನೂರಕ್ಕೆ ತೊಂಬತ್ತು ಪಾಲು ಫೋನ್ ಚಾರ್ಜರ್ ಅಥವಾ ತೆಳ್ಳಗಿನ ಉದ್ದ ಕೇಬಲ್‌ನ ತಪ್ಪು. ಪೈನ ಅಡಾಪ್ಟರ್‌ನಲ್ಲಿ 5.1 ವೋಲ್ಟ್ ಎಂದು ಇಟ್ಟಿರುವುದೇ ಕೇಬಲ್‌ನಲ್ಲಿ ಸೋರುವ ಆ ಚೂರಿಗಾಗಿ. ಗುರುತು ಬಂದರೂ ಓಡುತ್ತಿದೆಯಲ್ಲ ಎಂದು ಬಿಟ್ಟರೆ, ಯಾವಾಗಲೋ ಒಮ್ಮೆ ಕಾರ್ಡಿಗೆ ಬರೆಯುವಾಗ ನಿಂತು, ಕಾರ್ಡ್ ಕೆಡುತ್ತದೆ.

ಹಾರ್ಡ್‌ಡಿಸ್ಕ್ ಹಾಕಿದ ಮೇಲೆ ವೈಫೈ ನಿಧಾನವಾಯಿತು. ಸಂಬಂಧವಿದೆಯೇ?

ಇದೆ. ಯುಎಸ್‌ಬಿ 3ರ ತೂತು ಮತ್ತು ಕೇಬಲ್ ಹೊರಡಿಸುವ ಗದ್ದಲ 2.4 ಗಿಗಾಹರ್ಟ್ಸ್ ವೈಫೈಗೆ, ವೈರ್‌ಲೆಸ್ ಕೀಬೋರ್ಡಿನ ಡಾಂಗಲ್‌ಗೆ ಅಡ್ಡ ಬರುತ್ತದೆ. ಪೈನಲ್ಲಿ ಡಿಸ್ಕನ್ನು ನೀಲಿ (ಯುಎಸ್‌ಬಿ 3) ತೂತಿನಿಂದ ಕಪ್ಪು (ಯುಎಸ್‌ಬಿ 2) ತೂತಿಗೆ ಬದಲಿಸಿ. ಸಿನಿಮಾ ಓಡಿಸಲು ಆ ವೇಗ ಧಾರಾಳ ಸಾಕು. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಹಾಕಿದರೂ ಸರಿಹೋಗುತ್ತದೆ.

ಫೈಲ್‌ಗಳೆಲ್ಲ ಹಳೆಯ ಲ್ಯಾಪ್‌ಟಾಪಿನಲ್ಲಿವೆ. ಅಲ್ಲಿಂದಲೇ ಟೀವಿಗೆ ತರಬಹುದೇ?

ಲ್ಯಾಪ್‌ಟಾಪಿನ ಫೈಲ್‌ಗಳನ್ನು ಮನೆಯ ನೆಟ್‌ವರ್ಕ್ ಮೂಲಕ ಟೀವಿಗೆ ಕಳಿಸುವ ಜೆಲ್ಲಿಫಿನ್ ಎಂಬ ಸಾಫ್ಟ್‌ವೇರ್ ಹಾಕಿ. 2018ರ ಕೊನೆಯಲ್ಲಿ ಎಂಬಿ (Emby) ಎಂಬ ಸಾಫ್ಟ್‌ವೇರ್‌ನಿಂದ ಕವಲೊಡೆದು ಬಂದದ್ದು, ಪೂರ್ತಿ ಉಚಿತ, ಒಳಗೆ ಜಾಹೀರಾತಿಲ್ಲ. ಇದೇ ಕೆಲಸ ಮಾಡುವ ಪ್ಲೆಕ್ಸ್ ಹೆಸರು ನೀವು ಹೆಚ್ಚು ಕೇಳಿರಬಹುದು. ಅದು ತನ್ನದೇ ಜಾಹೀರಾತು ಸಹಿತ ಸಿನಿಮಾಗಳನ್ನು ಮುಂದಿಡುತ್ತದೆ, 2025ರ ಏಪ್ರಿಲ್‌ನಿಂದ ಮನೆಯ ಹೊರಗಿನಿಂದ ನೋಡಲು ದುಡ್ಡನ್ನೂ ಕೇಳುತ್ತಿದೆ.

ಲ್ಯಾಪ್‌ಟಾಪಿನಲ್ಲಿ ಜೆಲ್ಲಿಫಿನ್ ಸರ್ವರ್ ಇನ್‌ಸ್ಟಾಲ್ ಮಾಡಿ, ಬ್ರೌಸರ್‌ನಲ್ಲಿ 8096 ಪೋರ್ಟ್ ತೆರೆದು, ಸಿನಿಮಾ, ಸರಣಿ, ಮನೆಯ ವಿಡಿಯೊಗಳಿಗೆ ಬೇರೆ ಬೇರೆ ಫೋಲ್ಡರ್ ತೋರಿಸಿ. ಮನೆಯ ವಿಡಿಯೊಗಳನ್ನು ಸಿನಿಮಾ ಎಂದು ಸೇರಿಸಬೇಡಿ. ಸೇರಿಸಿದರೆ ಅಕ್ಕನ ಮದುವೆಗೆ ಯಾವುದೋ ಹಾಲಿವುಡ್ ಪೋಸ್ಟರ್ ಅಂಟಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಮುಚ್ಚಿದಾಗ "ಡು ನಥಿಂಗ್", ಸ್ಲೀಪ್ "ನೆವರ್" ಎಂದು ಪವರ್ ಸೆಟ್ಟಿಂಗ್‌ನಲ್ಲಿ ಇಡಿ. ಟೀವಿ ಬಾಕ್ಸ್‌ನಲ್ಲಿ ಜೆಲ್ಲಿಫಿನ್ ಆ್ಯಪ್ ಹಾಕಿ.

ಎರಡು ದಿನ ಸರಿಯಾಗಿದ್ದು ಮೂರನೇ ದಿನ "ಸರ್ವರ್ ಸಿಗುತ್ತಿಲ್ಲ" ಎಂದರೆ, ಕರೆಂಟ್ ಹೋಗಿ ಬಂದಿದೆಯೇ ನೆನಪಿಸಿಕೊಳ್ಳಿ. ರೌಟರ್ ಮತ್ತೆ ಆನ್ ಆದಾಗ ಲ್ಯಾಪ್‌ಟಾಪಿಗೆ ಬೇರೆ ಐಪಿ ವಿಳಾಸ ಕೊಟ್ಟಿರುತ್ತದೆ. ರೌಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ) ಪುಟದಲ್ಲಿ ಆ ಲ್ಯಾಪ್‌ಟಾಪಿಗೆ ಒಂದು ವಿಳಾಸ ಕಾಯ್ದಿರಿಸಿದರೆ ಈ ಕಾಟ ಮತ್ತೆ ಬರುವುದಿಲ್ಲ.

ಕರೆಂಟ್ ಬಿಲ್ ಎಷ್ಟಾದೀತು?

ಲ್ಯಾಪ್‌ಟಾಪ್ ಸರಾಸರಿ 20 ವ್ಯಾಟ್ ಎಂದಿಟ್ಟುಕೊಳ್ಳಿ. ದಿನವಿಡೀ ಉರಿದರೆ 0.48 ಯೂನಿಟ್, ತಿಂಗಳಿಗೆ 14.4. ಪೈ 5 ವ್ಯಾಟ್ ಎಂದರೆ ತಿಂಗಳಿಗೆ 3.6 ಯೂನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗಳು ಈ ಹದಿನಾಲ್ಕನ್ನು ಲೆಕ್ಕಕ್ಕೆ ಹಿಡಿಯಬೇಕು.

ಮನೆಯ ಫೈಲೇ, ಇಂಟರ್ನೆಟ್ ಅಲ್ಲವೇ ಅಲ್ಲ, ಆದರೂ ನಿಂತು ನಿಂತು ಓಡುತ್ತದೆ. ಏಕೆ?

ಮೊದಲು ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್ ತೆರೆದು, ಓಡುತ್ತಿರುವ ವಿಡಿಯೊದ ಕೆಳಗೆ ಡೈರೆಕ್ಟ್ ಪ್ಲೇ (ಫೈಲನ್ನು ಇದ್ದಂತೆಯೇ ಕಳಿಸುವುದು) ಎಂದಿದೆಯೋ ಟ್ರಾನ್ಸ್‌ಕೋಡ್ ಎಂದಿದೆಯೋ ನೋಡಿ. ಟ್ರಾನ್ಸ್‌ಕೋಡ್ ಎಂದರೆ ಲ್ಯಾಪ್‌ಟಾಪ್ ಇಡೀ ವಿಡಿಯೊವನ್ನು ಬೇರೆ ರೂಪಕ್ಕೆ ಬದಲಿಸಿ ಕಳಿಸುತ್ತಿದೆ, ಫ್ಯಾನ್ ಕೂಗುವುದು ಅದಕ್ಕೇ. ಬ್ಲೂರೇಯಿಂದ ಬಂದ ಚಿತ್ರರೂಪದ ಸಬ್‌ಟೈಟಲ್ ಆನ್ ಆಗಿರುವುದು, ಬಾಕ್ಸ್‌ಗೆ ಅರ್ಥವಾಗದ ಆಡಿಯೊ, ಆ್ಯಪ್‌ನಲ್ಲಿ ಬಿಟ್‌ರೇಟ್ ಮಿತಿ ಕಡಿಮೆ ಇಟ್ಟಿರುವುದು, ಇವೇ ಸಾಮಾನ್ಯ ಕಾರಣಗಳು. ಸಬ್‌ಟೈಟಲ್ ಆಫ್ ಮಾಡಿ ನೋಡುವುದು ಹತ್ತು ಸೆಕೆಂಡಿನ ಪರೀಕ್ಷೆ.

ಡೈರೆಕ್ಟ್ ಪ್ಲೇ ಇದ್ದೂ ನಿಲ್ಲುತ್ತಿದ್ದರೆ ವೈಫೈ ಸಾಲುತ್ತಿಲ್ಲ. ಕುಗ್ಗಿಸದ 4ಕೆ ಡಿಸ್ಕ್ ಫೈಲ್ ಸೆಕೆಂಡಿಗೆ 60 ಮೆಗಾಬಿಟ್ ದಾಟುವುದು ಸಾಮಾನ್ಯ, ಡಿಸ್ಕಿನ ಮಿತಿಯೇ 128. ಅಪಾರ್ಟ್‌ಮೆಂಟಿನ ಗಿಜಿಗಿಜಿಯಲ್ಲಿ 2.4 ಗಿಗಾಹರ್ಟ್ಸ್ ಅಷ್ಟು ಹೊರಲಾರದು. 5 ಗಿಗಾಹರ್ಟ್ಸ್‌ಗೆ ಬದಲಿಸಿ, ಸ್ಟಿಕ್ಕನ್ನು ಟೀವಿಯ ಬೆನ್ನಿಗೆ ಅಂಟಿಸದೆ ಡಬ್ಬಿಯಲ್ಲಿ ಬಂದ ಗಿಡ್ಡ ಎಚ್‌ಡಿಎಂಐ ತುಂಡಿನಿಂದ ಹೊರಗೆ ತನ್ನಿ. ಟೀವಿಯ ಲೋಹದ ತಗಡು ಸಿಗ್ನಲ್ ನುಂಗುತ್ತದೆ. ಲ್ಯಾಪ್‌ಟಾಪನ್ನಾದರೂ ರೌಟರ್‌ಗೆ ಕೇಬಲ್‌ನಲ್ಲಿ ಕಟ್ಟಿದರೆ ಗಾಳಿಯ ಮೇಲಿನ ಭಾರ ಅರ್ಧವಾಗುತ್ತದೆ.

ಮದುವೆಯ ಹಳೆಯ ಡಿವಿಡಿ ಹಾಕಿದರೆ ಕೈ ಅಲ್ಲಾಡಿಸಿದಲ್ಲೆಲ್ಲ ಬಾಚಣಿಗೆಯಂಥ ಗೆರೆ.

ಅದು ಇಂಟರ್‌ಲೇಸ್ಡ್ ವಿಡಿಯೊ. ಆಗಿನ ಪಾಲ್ (PAL) ಪದ್ಧತಿಯ ಕ್ಯಾಮೆರಾಗಳು ಸೆಕೆಂಡಿಗೆ 50 ಅರ್ಧ ಚಿತ್ರಗಳನ್ನು ತೆಗೆಯುತ್ತಿದ್ದವು, ಒಮ್ಮೆ ಬೆಸ ಗೆರೆಗಳು, ಒಮ್ಮೆ ಸಮ ಗೆರೆಗಳು. ಎರಡನ್ನೂ ಒಟ್ಟಿಗೆ ತೋರಿಸಿದಾಗ ಅಕ್ಷತೆ ಹಾಕುವ ಕೈ ಎರಡಾಗಿ ಸೀಳಿದಂತೆ ಕಾಣುತ್ತದೆ. ಕೋಡಿಯಲ್ಲಿ ವಿಡಿಯೊ ಓಡುತ್ತಿರುವಾಗಲೇ ವಿಡಿಯೊ ಸೆಟ್ಟಿಂಗ್ ತೆರೆದು ಡಿಇಂಟರ್‌ಲೇಸ್ ಆನ್ ಮಾಡಿ. ಜೊತೆಗೆ ಪ್ಲೇಯರ್ ಸೆಟ್ಟಿಂಗ್‌ನಲ್ಲಿ "ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್" ಎಂಬುದನ್ನು "ಆನ್ ಸ್ಟಾರ್ಟ್ / ಸ್ಟಾಪ್"ಗೆ ಇಟ್ಟರೆ ಟೀವಿ 50 ಹರ್ಟ್ಸ್‌ಗೆ ಬದಲಾಗಿ, ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗಿನ ತಡವರಿಕೆಯೂ ಹೋಗುತ್ತದೆ.

ಮುಖಗಳು ಅಡ್ಡಕ್ಕೆ ಎಳೆದಂತೆ ದಪ್ಪಗೆ ಕಂಡರೆ ಟೀವಿಯೋ ಪ್ಲೇಯರ್ರೋ 4:3ನ್ನು 16:9ಕ್ಕೆ ಎಳೆಯುತ್ತಿದೆ. ವ್ಯೂ ಮೋಡ್ "ನಾರ್ಮಲ್" ಮಾಡಿ, ಎರಡು ಬದಿಯ ಕಪ್ಪು ಪಟ್ಟಿ ಇರಲಿ.

ಕನ್ನಡ ಸಬ್‌ಟೈಟಲ್ ಚೌಕ ಚೌಕವಾಗಿ, ಇಲ್ಲವೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗಿ ಬರುತ್ತದೆ.

ಎರಡೂ ಬೇರೆ ಬೇರೆ ರೋಗ. ಚೌಕ ಬಂದರೆ ಪ್ಲೇಯರ್ ಬಳಿ ಕನ್ನಡ ಫಾಂಟ್ ಇಲ್ಲ. ನೋಟೊ ಸ್ಯಾನ್ಸ್ ಕನ್ನಡ ಫಾಂಟಿನ ಫೈಲನ್ನು ಕೋಡಿಯ ಮೀಡಿಯಾ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರ್‌ಗೆ ಹಾಕಿ, ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸಿ.

ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಯಾರೋ ಅದನ್ನು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಪ್ಲೇಯರ್ ಎಷ್ಟು ಒಳ್ಳೆಯದಾದರೂ ಏನೂ ಮಾಡಲಾರದು. ಪಠ್ಯವನ್ನು ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸಿ, ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಆಗಿ ಸೇವ್ ಮಾಡಿ. ಪರಿವರ್ತಕಕ್ಕೆ ಮಾತಿನ ಸಾಲುಗಳನ್ನಷ್ಟೇ ಕೊಡಿ. ಸಮಯದ ಸಾಲುಗಳನ್ನೂ ಕೊಟ್ಟರೆ ಅಂಕಿ, ಬಾಣದ ಗುರುತು ಕೆಟ್ಟು ಸಬ್‌ಟೈಟಲ್ ಒಟ್ಟಾರೆ ಬರುವುದೇ ಇಲ್ಲ.

ಚಿತ್ರವಿದೆ, ಶಬ್ದವಿಲ್ಲ.

ಬಾಕ್ಸ್‌ನಲ್ಲಿ ಪಾಸ್‌ಥ್ರೂ (ಆಡಿಯೊವನ್ನು ಬಿಡಿಸದೆ ಹಾಗೆಯೇ ಟೀವಿಗೆ ಕಳಿಸುವುದು) ಆನ್ ಇದ್ದು, ಟೀವಿಗೆ ಡಿಟಿಎಸ್ ಬಾರದಿದ್ದರೆ ಹೀಗಾಗುತ್ತದೆ. ಪಾಸ್‌ಥ್ರೂ ಆಫ್ ಮಾಡಿ, ಚಾನೆಲ್ 2.0 ಇಡಿ. ಸೌಂಡ್‌ಬಾರ್ ಇದ್ದರೆ ಅದು ಟೀವಿಯ ಎಆರ್‌ಸಿ ಎಂದು ಬರೆದ ಎಚ್‌ಡಿಎಂಐಗೇ ಹೋಗಿದೆಯೇ ನೋಡಿ.

ಎರಡೂವರೆ ಸಾವಿರಕ್ಕೆ "8ಕೆ, ಎಲ್ಲ ಚಾನೆಲ್ ಫ್ರೀ" ಬಾಕ್ಸ್ ಬರುತ್ತದಲ್ಲ?

ಮನೆಗೆ ತರಬೇಡಿ. ಟಿ95 ಎಂಬ ಹೆಸರಿನ ಅಗ್ಗದ ಬಾಕ್ಸ್‌ನಲ್ಲಿ ಕಾರ್ಖಾನೆಯಿಂದಲೇ ಮಾಲ್‌ವೇರ್ ತುಂಬಿ ಬಂದಿರುವುದು 2023ರ ಆರಂಭದಲ್ಲಿ ಬಯಲಾಯಿತು. ಬ್ಯಾಡ್‌ಬಾಕ್ಸ್ 2.0 ಎಂಬ ಇಂಥದೇ ಜಾಲದ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಕೆ ಹೊರಡಿಸಿತು. ಇಂಥ ಬಾಕ್ಸ್ ನಿಮ್ಮ ಇಂಟರ್ನೆಟ್ ಸಂಪರ್ಕವನ್ನೇ ಬೇರೆಯವರಿಗೆ ಬಾಡಿಗೆಗೆ ಬಿಡಬಲ್ಲದು, ತೆರೆಯ ಹಿಂದೆ ಸದ್ದಿಲ್ಲದೆ ಜಾಹೀರಾತು ಒತ್ತಬಲ್ಲದು. ಜಾಹೀರಾತು ತಪ್ಪಿಸಲು ಹೋಗಿ ಜಾಹೀರಾತು ಒತ್ತುವ ಯಂತ್ರವನ್ನೇ ಮನೆಗೆ ತಂದಂತೆ.

ಗುರುತಿಸುವುದು ಕಷ್ಟವಲ್ಲ. ಗೂಗಲ್‌ನ ಮಾಲ್‌ವೇರ್ ತಪಾಸಣೆಯಾದ ಪ್ಲೇ ಪ್ರೊಟೆಕ್ಟ್ ಆಫ್ ಮಾಡಲು ಹೇಳುತ್ತದೆ, ಪ್ಲೇ ಸ್ಟೋರ್ ಬಿಟ್ಟು ಬೇರೊಂದು ಸ್ಟೋರ್ ತೆರೆಯುತ್ತದೆ, ಮುಖಪುಟ ಫೋನಿನದ್ದರಂತಿದೆ ಎಂದರೆ ಅದು ಸರ್ಟಿಫೈಡ್ ಅಲ್ಲ.

ಅಮೆರಿಕದಲ್ಲಿರುವ ಮಗಳು ಅಲ್ಲಿಂದ ತರುತ್ತೇನೆ ಅನ್ನುತ್ತಿದ್ದಾಳೆ.

ವಾಲ್‌ಮಾರ್ಟ್‌ನ "ಆನ್" (Onn) ಹೆಸರಿನ 4ಕೆ ಬಾಕ್ಸ್ ಅಲ್ಲಿ 20 ಡಾಲರ್ ಆಸುಪಾಸು, ಗೂಗಲ್ ಟೀವಿಯೇ ಇರುತ್ತದೆ, ಪ್ರೊಜೆಕ್ಟಿವಿಯೂ ಓಡುತ್ತದೆ. ಬರುವ ಚಪ್ಪಟೆ ಪಿನ್ನಿನ ಅಡಾಪ್ಟರ್ ಬದಿಗಿಟ್ಟು ಇಲ್ಲಿನ 5 ವೋಲ್ಟ್, 2 ಆಂಪ್ ಚಾರ್ಜರ್ ಹಾಕಿ. ಇಲ್ಲಿ ವಾರಂಟಿ ಇಲ್ಲ ಎಂಬುದು ನೆನಪಿರಲಿ. ರೋಕು ತರಿಸಬೇಡಿ: ಭಾರತದಲ್ಲಿ ಅದರ ಮಾರಾಟವಿಲ್ಲ, ಇಲ್ಲಿನ ಆ್ಯಪ್‌ಗಳಿಗಾಗಿ ಪರದಾಡಬೇಕು, ಅದರ ಮುಖಪುಟದಲ್ಲೂ ಜಾಹೀರಾತಿದೆ.

ಡಿಎನ್‌ಎಸ್ ಬದಲಿಸಿದರೆ ಎಲ್ಲ ಜಾಹೀರಾತು ಹೋಗುತ್ತದಂತೆ, ಹೌದೇ?

ಎಲ್ಲ ಅಲ್ಲ. ಡಿಎನ್‌ಎಸ್ ಎಂದರೆ ತಾಣದ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ಸೇವೆ. ರೌಟರ್‌ನಲ್ಲಿ ಡಿಎನ್‌ಎಸ್ ವಿಳಾಸವನ್ನು ಆ್ಯಡ್‌ಗಾರ್ಡ್‌ನ 94.140.14.14 ಮತ್ತು 94.140.15.15 ಎಂದು ಇಟ್ಟರೆ ಕೆಲವು ಬ್ಯಾನರ್, ಹಿಂಬಾಲಿಸುವ ಕೊಂಡಿಗಳು ನಿಲ್ಲುತ್ತವೆ. ಯೂಟ್ಯೂಬಿನ ಜಾಹೀರಾತು ವಿಡಿಯೊ ಬರುವ ಬಾಗಿಲಿನಿಂದಲೇ ಬರುವುದರಿಂದ ಅದು ನಿಲ್ಲದು. ಯಾವುದಾದರೂ ಓಟಿಟಿ ಆ್ಯಪ್ ಇದ್ದಕ್ಕಿದ್ದಂತೆ ತೆರೆಯದಿದ್ದರೆ ಮೊದಲು ಈ ಡಿಎನ್‌ಎಸ್ ತೆಗೆದು ನೋಡಿ.

ಸ್ಟಿಕ್‌ಗೆ ಟೀವಿಯ ಯುಎಸ್‌ಬಿಯಿಂದಲೇ ಕರೆಂಟ್ ಕೊಡಬಹುದೇ? ಪ್ಲಗ್ ಪಾಯಿಂಟ್ ಉಳಿಯುತ್ತದೆ.

ಟೀವಿಯ ಯುಎಸ್‌ಬಿ 2 ತೂತು ಕೊಡುವುದು 0.5 ಆಂಪ್, ಯುಎಸ್‌ಬಿ 3 ಆದರೆ 0.9. ಸ್ಟಿಕ್ ಆನ್ ಆಗುತ್ತದೆ, ಮೆನುವೂ ಬರುತ್ತದೆ, ಭಾರದ ವಿಡಿಯೊ ಶುರುವಾದಾಗ ತಾನೇ ರೀಸ್ಟಾರ್ಟ್ ಆಗುತ್ತದೆ. ಟೀವಿ ಆಫ್ ಮಾಡಿದಾಗಲೆಲ್ಲ ಸ್ಟಿಕ್ಕಿಗೂ ಕರೆಂಟ್ ಹೋಗುವುದರಿಂದ ಪ್ರತಿ ಸಲವೂ ಮೊದಲಿನಿಂದ ಬೂಟ್ ಆಗಬೇಕು, ಅಪ್‌ಡೇಟ್ ನಡೆಯುವಾಗಲೇ ಹೋದರೆ ಇನ್ನೂ ತೊಂದರೆ. ಜೊತೆಗೆ ಬಂದ ಚಾರ್ಜರನ್ನೇ ಗೋಡೆಗೆ ಹಾಕಿ. ಪಾಯಿಂಟ್ ಸಾಲದಿದ್ದರೆ ಸ್ಪೈಕ್ ಗಾರ್ಡ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ತನ್ನಿ. ಪದೇ ಪದೇ ಕರೆಂಟ್ ಹೋಗುವ ಊರಾದರೆ ರೌಟರ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿ, ಪೈ ಇದ್ದರೆ ಅದನ್ನು ಇನ್ವರ್ಟರ್ ಲೈನಿನ ಪಾಯಿಂಟ್‌ಗೆ ಸೇರಿಸಿ. ಕೋಡಿಯನ್ನು ಪವರ್ ಮೆನುವಿನಿಂದ ಆಫ್ ಮಾಡಿದ ಮೇಲಷ್ಟೇ ಸ್ವಿಚ್ ಒತ್ತಿ.